ಹೆಸರು ಕೊರೆಸಿದ ಕೊಡ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಒಳಗೆ ಕುಕ್ಕರ್ ಕೂಗುತ್ತಿತ್ತು, ಬಾಗಿಲಲ್ಲಿ ಹಾಲಿನವನು ನಿಂತಿದ್ದ. ಆದರೆ ರಾತ್ರಿಯೆಲ್ಲಾ ಅದೇ ತಲೆಯಲ್ಲಿ ಓಡುತ್ತಿತ್ತು. ಕೆಲವು ಶ್ರೀಮಂತ ಮನೆತನಗಳ ದುಡ್ಡನ್ನು ಒಂದು ಕಡೆ ಕೂಡಿಸಿ, ದೇಶ ವಿದೇಶದ ಬಡವರ ಕೆಲಸಕ್ಕೆ ಕೊಡುವ ಆಫೀಸಿನಲ್ಲಿ ಕೆಲಸ ಸಿಕ್ಕಿದೆ, ಸೇರಲಾ ಬೇಡ್ವಾ ಅಂದೆ. ದೊಡ್ಡವರ ದಾನದ ಲೆಕ್ಕ ನೋಡುವುದೂ ಒಂದು ಕೆಲಸವಾ ಅಂತಲೂ ಕೇಳಿದೆ. ಸೇರು. ಯಾಕೆ ಅಂತ ಸಮಾಧಾನವಾಗಿ ಬರೆಯುತ್ತೇನೆ.

ನಮ್ಮ ಅಟ್ಟದ ಮೇಲೆ ಸ್ಟೀಲಿನ ಕೊಡಗಳು ಸಾಲಾಗಿ ಇವೆಯಲ್ಲ, ಅವು ನಿನ್ನ ದೊಡ್ಡತ್ತೆಯ ಮದುವೆಯವು. ಒಟ್ಟು ಹನ್ನೊಂದು. ಒಂದೊಂದರ ಮೇಲೂ ಕೊಟ್ಟವರ ಹೆಸರು, ಊರು, ತಾರೀಖು ಕೊರೆಸಿದೆ. ಎಲ್ಲರೂ ಪ್ರೀತಿಯಿಂದಲೇ ಕೊಟ್ಟಿದ್ದರು. ಆದರೆ ಮದುವೆ ಮುಗಿದ ಸಂಜೆ ಅಡುಗೆ ಭಟ್ಟರಿಗೆ ಕೊಡಲು ಅಜ್ಜನ ಹತ್ತಿರ ದುಡ್ಡಿರಲಿಲ್ಲ. ಹನ್ನೊಂದು ಕೊಡ ಪಕ್ಕದಲ್ಲಿಟ್ಟುಕೊಂಡು ಬಡ್ಡಿಗೆ ಸಾಲ ತಂದರು. ಸಣ್ಣತ್ತೆಯ ಮದುವೆ ಹೊತ್ತಿಗೆ ಅಜ್ಜ ಹುಷಾರಾಗಿದ್ದರು. ಬೀಗರನ್ನೆಲ್ಲ ಮೊದಲೇ ಕರೆದು, ಪಾತ್ರೆ ಬೇಡ, ಮುಯ್ಯಿಯನ್ನು ರೊಕ್ಕದಲ್ಲೇ ಕೊಡಿ, ಎಲ್ಲಾ ಒಬ್ಬರ ಕೈಯಲ್ಲಿ ಇರಲಿ ಅಂದರು. ನಿನ್ನ ದೊಡ್ಡಪ್ಪ ಒಂದು ನೋಟ್‌ಬುಕ್ ಹಿಡಿದು ಕೂತರು. ಪೆಂಡಾಲು, ಅಡುಗೆ, ಎಲ್ಲಾ ಅದರಿಂದಲೇ ಆಯಿತು. ಒಂದು ರೂಪಾಯಿ ಸಾಲ ಆಗಲಿಲ್ಲ. ಕೊಟ್ಟವರ ಹೆಸರು ಯಾವ ಪಾತ್ರೆಯ ಮೇಲೂ ಉಳಿಯಲಿಲ್ಲ, ಅಷ್ಟೇ.

ನಾನು ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಿದ್ದ ವರ್ಷಗಳಲ್ಲಿ ಆ ಕೊಡಗಳು ಎಷ್ಟು ಸಲ ನೆನಪಾಗಿವೆಯೋ. ನಲವತ್ತು ಹುಡುಗಿಯರ ಹಾಸ್ಟೆಲ್. ಐದು ಜನ ದಾನಿಗಳು. ಒಬ್ಬರು ಹೊಲಿಗೆ ಯಂತ್ರ ಕೊಟ್ಟರು, ಒಬ್ಬರು ಸೋಲಾರ್ ದೀಪ, ಒಬ್ಬರು ಗೋಡೆಗೆ ಬಣ್ಣ ಹೊಡೆಸಿ ಬೋರ್ಡು ಹಾಕಿಸಿದರು. ಅಡುಗೆಯಮ್ಮನ ಸಂಬಳ ಕೊಡುತ್ತೇವೆ ಅಂದವರು ಒಬ್ಬರೂ ಇಲ್ಲ. ಸಂಬಳದ ಮೇಲೆ ಯಾರ ಹೆಸರನ್ನೂ ಕೊರೆಸಲು ಆಗುವುದಿಲ್ಲ ನೋಡು. ಮಾರ್ಚ್ ಬಂತೆಂದರೆ ಅದೇ ನಲವತ್ತು ಮಕ್ಕಳ ಬಗ್ಗೆ ಐದು ಬೇರೆ ಬೇರೆ ವರದಿ, ಐದು ಬೇರೆ ಫಾರಂ. ನೀನು ಆಗ ಸಣ್ಣವಳು. ಅವ್ವ ಯಾಕೆ ರಾತ್ರಿ ಹತ್ತಾದರೂ ಬರಲಿಲ್ಲ ಅಂತ ಅಳುತ್ತಿದ್ದೆ.

ಒಂದು ವರ್ಷ ಒಬ್ಬ ದಾನಿ, ಇನ್ನು ಮೇಲೆ ನಾವು ನೀರಿನ ಕೆಲಸಕ್ಕೆ ಮಾತ್ರ ಕೊಡುವುದು ಅಂತ ಕಾಗದ ಕಳಿಸಿದರು. ಸಂಜೆ ಪಾಠ ಹೇಳುತ್ತಿದ್ದ ಟೀಚರನ್ನು ಬಿಡಿಸಬೇಕಾಯಿತು. ಅವಳು ಆಗ ತಾನೇ ಐದನೇ ಕ್ಲಾಸಿನ ಮಕ್ಕಳಿಗೆ ಭಾಗಾಕಾರ ಹಿಡಿಸಿದ್ದಳು. ಕೊನೆಯ ದಿನ ಕರಿಹಲಗೆ ಮೇಲೆ ಒಂದು ಲೆಕ್ಕ ಅರ್ಧಕ್ಕೇ ನಿಂತಿತ್ತು. ಅದನ್ನು ಒರೆಸಲು ನನಗೆ ಕೈ ಬರಲಿಲ್ಲ ಪುಟ್ಟಿ.

ಅದಕ್ಕೇ ಹೇಳುತ್ತೇನೆ, ಉಳ್ಳವರು ಎಷ್ಟು ಕೊಡುತ್ತಾರೆ ಅನ್ನುವುದಕ್ಕಿಂತ ಹೇಗೆ ಕೊಡುತ್ತಾರೆ ಅನ್ನುವುದು ದೊಡ್ಡದು. 2010ರಲ್ಲಿ ಬಿಲ್ ಗೇಟ್ಸ್, ಮೆಲಿಂಡಾ, ವಾರೆನ್ ಬಫೆಟ್ ಸೇರಿ ಗಿವಿಂಗ್ ಪ್ಲೆಡ್ಜ್ ಅಂತ ಶುರು ಮಾಡಿದರು. ಆಸ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಾನಕ್ಕೆ ಅಂತ 40 ಅಮೆರಿಕನ್ ಶ್ರೀಮಂತರು ಮೊದಲಿಗೆ ಮಾತು ಕೊಟ್ಟರು. ನಮ್ಮ ದೇಶದಿಂದ ಮೊದಲು ಸೇರಿದವರು ಅಜೀಂ ಪ್ರೇಮ್‌ಜಿ, 2013ರಲ್ಲಿ. ಆಮೇಲೆ ಕಿರಣ್ ಮಜುಂದಾರ್ ಶಾ, ರೋಹಿಣಿ ಮತ್ತು ನಂದನ್ ನಿಲೇಕಣಿ. ನಮ್ಮ ಬೆಂಗಳೂರಿನವರೇ. ಒಳ್ಳೆಯದೇ. ಆದರೆ ಅದು ಬರೀ ಮಾತು, ಕಾನೂನಿನ ಕಟ್ಟು ಇಲ್ಲ. ದುಡ್ಡು ಯಾವಾಗ, ಯಾರಿಗೆ ಅನ್ನುವುದು ಅವರವರ ಇಷ್ಟ. ಕೊಡುವುದಕ್ಕಿಂತ ಬೇಗ ಅವರ ಆಸ್ತಿಯೇ ಬೆಳೆದದ್ದೂ ಉಂಟು.

ನನಗೆ ಹಿಡಿಸಿದ್ದು ಅದರ ಮುಂದಿನ ಹೆಜ್ಜೆ. ಆ ಗಿವಿಂಗ್ ಪ್ಲೆಡ್ಜ್ ಕಟ್ಟುವುದರಲ್ಲಿ ಮೊದಲಿಂದ ಇದ್ದ ಒಲಿವಿಯಾ ಲೆಲ್ಯಾಂಡ್ ಅನ್ನುವ ಹೆಣ್ಣುಮಗಳು 2017ರಲ್ಲಿ ಕೋ-ಇಂಪ್ಯಾಕ್ಟ್ ಅಂತ ದಾನಿಗಳ ಒಂದು ಕೂಟ ಶುರು ಮಾಡಿದರು. ಗೇಟ್ಸ್, ಜೆಫ್ ಸ್ಕೋಲ್, ರಿಚರ್ಡ್ ಚಾಂಡ್ಲರ್, ರಾಕ್‌ಫೆಲರ್ ಫೌಂಡೇಶನ್, ಆಮೇಲೆ ನಿಲೇಕಣಿ ದಂಪತಿ, ಇವರೆಲ್ಲ ಜೊತೆಗೂಡಿದರು. ಸಣ್ಣ ಸಣ್ಣ ಮೊತ್ತ ಹತ್ತು ಕಡೆ ಚೆಲ್ಲುವ ಬದಲು, ಕೆಲವೇ ಕೆಲಸಗಳಿಗೆ ದೊಡ್ಡ ಮೊತ್ತ, ಐದು ವರ್ಷದಷ್ಟು ಕಾಲ. ಅದೂ ಆಯಾ ದೇಶದ ಸರ್ಕಾರದ ಶಾಲೆ, ಆಸ್ಪತ್ರೆ, ಯೋಜನೆಗಳ ಜೊತೆಯಲ್ಲೇ. ನಮ್ಮ ಟೀಚರಿಗೆ ಐದು ವರ್ಷದ ಭರವಸೆ ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡು.

ಅವರು ಕೈಜೋಡಿಸಿದ ಬಿಹಾರದ ಕೆಲಸ ನೋಡು. 2016ರಲ್ಲಿ ಅಲ್ಲಿ ಪಾನನಿಷೇಧ ಬಂತು. ಹೆಂಡ, ಸಾರಾಯಿ ಮಾರಿ ಹೊಟ್ಟೆ ಹೊರೆಯುತ್ತಿದ್ದ ಎಷ್ಟೋ ಬಡ ಹೆಂಗಸರಿಗೆ ಏಕ್‌ದಮ್ ದುಡಿಮೆಯೇ ಇಲ್ಲ. 2018ರಲ್ಲಿ ಅಲ್ಲಿನ ಸರ್ಕಾರ ಜೀವಿಕಾ ಸ್ವಸಹಾಯ ಸಂಘಗಳ ಮೂಲಕ ಸತತ್ ಜೀವಿಕೋಪಾರ್ಜನ್ ಯೋಜನೆ ತಂದಿತು. ಊರಲ್ಲಿ ಎಲ್ಲರಿಗಿಂತ ಕಷ್ಟದಲ್ಲಿರುವವಳು ಯಾರು ಅಂತ ಸಂಘದ ಹೆಂಗಸರೇ ಕೂತು ಗುರುತಿಸುತ್ತಾರೆ. ಮೇಕೆಯೋ ಹಸುವೋ ಸಣ್ಣ ಅಂಗಡಿಯ ಸಾಮಾನೋ ಕೊಡಿಸುತ್ತಾರೆ. ಆದಾಯ ಬರುವ ತನಕ ಅದನ್ನೇ ಮಾರಿಕೊಂಡು ತಿನ್ನಬಾರದಲ್ಲ, ಅದಕ್ಕೆ ಕೆಲವು ತಿಂಗಳು ಕೈಗೊಂದಿಷ್ಟು ಕಾಸು. ಮೇಲೆ ಮನೆಗೆ ಬಂದು ಲೆಕ್ಕ ಕಲಿಸುವ, ಧೈರ್ಯ ಹೇಳುವ ಒಬ್ಬರು. ಮೇಕೆ, ಅಂಗಡಿಯ ದುಡ್ಡು ಸರ್ಕಾರದ್ದು. ಕಲಿಸುವವರನ್ನು ತಯಾರು ಮಾಡುವ ಬಂಧನ್-ಕೊನ್ನಗರ್, ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡುವ ಜೆ-ಪಾಲ್, ಇವರ ಹಿಂದೆ ಕೋ-ಇಂಪ್ಯಾಕ್ಟ್ ದುಡ್ಡು ನಿಂತಿತು. ಹೊಲಿಗೆ ಯಂತ್ರವಲ್ಲ ಪುಟ್ಟಿ, ಅಡುಗೆಯಮ್ಮನ ಸಂಬಳ!

ಈ ದಾರಿ ಯಾರೋ ಸುಮ್ನೆ ಕೂತು ಊಹಿಸಿದ್ದಲ್ಲ. 2002ರಲ್ಲಿ ಬಾಂಗ್ಲಾದೇಶದ ಬ್ರ್ಯಾಕ್ ಅನ್ನುವ ಸ್ವಯಂಸೇವಾ ಸಂಸ್ಥೆ ಶುರು ಮಾಡಿದ್ದು. ಆಮೇಲೆ ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ಈ ಆರು ದೇಶಗಳಲ್ಲಿ 10,000ಕ್ಕೂ ಹೆಚ್ಚು ಮನೆಗಳಲ್ಲಿ ಪರೀಕ್ಷೆ ಮಾಡಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಹಾಯ ನಿಂತು ಒಂದು ವರ್ಷವಾದ ಮೇಲೂ ಹೆಚ್ಚಿನ ಕಡೆ ಜನರ ಊಟ, ಆದಾಯ ಮೊದಲಿಗಿಂತ ಚೆನ್ನಾಗಿಯೇ ಇತ್ತು. ಹೊಂಡುರಾಸ್‌ನಲ್ಲಿ ಮಾತ್ರ ಕೊಟ್ಟ ಕೋಳಿಗಳು ರೋಗ ಬಂದು ಸತ್ತವು. ಅದನ್ನೂ ಮುಚ್ಚಿಡದೆ ಬರೆದಿದ್ದಾರೆ. ನೀನು ವರದಿ ಬರೆಯುವ ದಿನ ಸತ್ತ ಕೋಳಿಗಳನ್ನೂ ಬರಿ. ನಾವು ದಾನಿಗಳಿಗೆ ಹೆದರಿ ಎಷ್ಟೋ ಸಲ ಬರೆಯುತ್ತಿರಲಿಲ್ಲ. ಅದು ಈಗಲೂ ನನ್ನನ್ನು ಕೊರೆಯುತ್ತದೆ.

ಒಂದು ಭಯವೂ ಇದೆ. ಒಬ್ಬ ದಾನಿ ತಪ್ಪು ಹೇಳಿದರೆ ಇನ್ನೊಬ್ಬರ ಬಾಗಿಲು ತಟ್ಟಬಹುದು. ಐದು ದಾನಿಗಳು ಒಂದೇ ಮೇಜಿನ ಸುತ್ತ ಕೂತು ಬೇಡ ಅಂದರೆ ಇನ್ನೆಲ್ಲಿಗೆ ಹೋಗುವುದು? ಕೊಡುವವರು ಒಗ್ಗಟ್ಟಾದಷ್ಟೂ ಅವರ ಮಾತಿಗೆ ತೂಕ ಜಾಸ್ತಿ. ಆ ಮೇಜಿನ ಹತ್ತಿರ ಬಿಹಾರದ ಆ ಮೇಕೆ ಸಾಕುವವಳಿಗೂ ಒಂದು ಕುರ್ಚಿ ಇದೆಯಾ? ಮೊದಲ ತಿಂಗಳೇ ಕೇಳು. ಹೊಸಬಳು ಅಂತ ಸುಮ್ಮನಿರಬೇಡ. ಆಫೀಸಿನಲ್ಲೇ ಕೂತು ಕಾಗದ ಓದಿ ತೀರ್ಮಾನ ಮಾಡುವವಳಾಗಬೇಡ, ಊರಿಗೆ ಹೋಗು, ಅವರ ಮನೆಯಲ್ಲಿ ಕೂತು ಮಾತಾಡು. ಅವಳು ಕೊಟ್ಟ ಚಹಾ ಕುಡಿ, ಬೇಡ ಅನ್ನಬೇಡ.

ಮೊನ್ನೆ ನಮ್ಮೂರ ಶಾಲೆಗೆ ಹೋಗಿದ್ದೆ. ಬಿಸಿಯೂಟದ ಹೊತ್ತು. ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆ ಆರು ದಿನ ಆಗಿದೆಯಲ್ಲ, ಉಳಿದ ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್‌ದು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ಅಂತ 2024ರಲ್ಲಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡರು. ಒಬ್ಬಳು ಪುಟ್ಟ ಹುಡುಗಿ ಮೊಟ್ಟೆಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ, ಸಿಪ್ಪೆ ಬಿಡಿಸಿ, ಬಿಳಿ ಭಾಗ ಎಲ್ಲಾ ತಿಂದು ಹಳದಿಯನ್ನು ಕೊನೆಗೆ ಅಂತ ತಟ್ಟೆಯ ಮೂಲೆಯಲ್ಲಿ ಇಟ್ಟುಕೊಂಡಳು. ಪಕ್ಕದವನು ಬಾಳೆಹಣ್ಣು ತಿನ್ನುತ್ತಿದ್ದ. ಈ ಮೊಟ್ಟೆ ಯಾರು ಕೊಟ್ಟದ್ದು ಅಂತ ಕೇಳಿದೆ. "ಅಡುಗೆ ಅಕ್ಕ" ಅಂದಳು.

ನಿನ್ನ ಅಪ್ಪನಿಗೂ ನೀನು ಸೇರುವುದು ಇಷ್ಟ. ಬಾಯಿಬಿಟ್ಟು ಹೇಳುವುದಿಲ್ಲ, ನಿನಗೆ ಗೊತ್ತಲ್ಲ. ನಾಳೆ ಬಸ್ಸಿಗೆ ಶೇಂಗಾ ಚಟ್ನಿಪುಡಿ, ಕಟಕ ರೊಟ್ಟಿ ಕಳಿಸುತ್ತಿದ್ದೇನೆ. ಬೆಳಗ್ಗೆ ಬೇಗ ಎದ್ದು ಇಳಿಸಿಕೋ. ರೂಮಿನ ಹುಡುಗಿಯರಿಗೂ ಕೊಡು, ಜಾಸ್ತಿಯೇ ಮಾಡಿದ್ದೇನೆ. ರೊಟ್ಟಿ ಇರುವ ಡಬ್ಬಿ ದೊಡ್ಡತ್ತೆಯದು, ಹಬ್ಬಕ್ಕೆ ಬರುವಾಗ ಮರೆಯದೆ ತಾ.

ನಿನ್ನ
ಅವ್ವ