ಹೈಕೆ ಡ್ರೆಕ್ಸ್ಲರ್ ಬಗ್ಗೆ, ಲಾಂಗ್ ಜಂಪ್ ಗುಂಪಿನ ಎಲ್ಲರಿಗೂ

ನಮಸ್ಕಾರ ಎಲ್ಲರಿಗೂ. ನಿನ್ನೆ ಒಬ್ಬರು "ಮೂವತ್ತು ದಾಟಿದ ಮೇಲೆ ಜಂಪ್ ಮುಗೀತು ಅಲ್ವಾ?" ಅಂತ ಕೇಳಿದ್ದರು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಜರ್ಮನಿಯ ಲಾಂಗ್ ಜಂಪ್ ಆಟಗಾರ್ತಿ ಹೈಕೆ ಹುಟ್ಟಿದ್ದು 1964ರಲ್ಲಿ, ಪೂರ್ವ ಜರ್ಮನಿಯ ಗೇರಾದಲ್ಲಿ. 18ನೇ ವಯಸ್ಸಿಗೇ, 1983ರಲ್ಲಿ, ಹೆಲ್ಸಿಂಕಿಯಲ್ಲಿ ವಿಶ್ವ ಚಾಂಪಿಯನ್. ಮರುವರ್ಷ ಅವರ ದೇಶ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹೋಗಲೇ ಇಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ, ಜೊತೆಗೆ 100 ಮತ್ತು 200 ಮೀಟರ್ ಓಟದಲ್ಲಿ ಕಂಚು. ಆ ಓಟದ ವೇಗವೇ ಅವರ ಜಿಗಿತದ ಬಂಡವಾಳ. ರನ್ಅಪ್ (ಜಿಗಿಯುವ ಮುಂಚಿನ ಓಟ) ಅಭ್ಯಾಸ ತಪ್ಪಿಸುವವರು ಇದನ್ನು ಗಮನಿಸಿ!

1992ರಲ್ಲಿ ಇಟಲಿಯ ಸೆಸ್ಟ್ರಿಯೇರ್‌ನಲ್ಲಿ 7.63 ಮೀಟರ್ ಹಾರಿದರು. ಆದರೆ ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2.1 ಮೀಟರ್ ಇತ್ತು, ನಿಯಮ ಒಪ್ಪುವುದು 2.0. ಅಷ್ಟಕ್ಕೇ ದಾಖಲೆ ಕೈತಪ್ಪಿತು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅದೇ ವರ್ಷ ಬಾರ್ಸಿಲೋನಾದಲ್ಲಿ 7.14 ಹಾರಿ ಚಿನ್ನ ಗೆದ್ದರು, ಎರಡನೆಯವರಿಗಿಂತ ಬರೀ 2 ಸೆಂಟಿಮೀಟರ್ ಜಾಸ್ತಿ.

ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಡೋಪಿಂಗ್ (ಆಟಗಾರರಿಗೆ ನಿಷೇಧಿತ ಔಷಧ ಕೊಡುವುದು) ನಡೆಸುತ್ತಿತ್ತು, ಆ ಪ್ರಶ್ನೆ ಹೈಕೆ ಮೇಲೂ ಎದ್ದಿದೆ, ಅದನ್ನು ಮುಚ್ಚಿಟ್ಟು ಸುಮ್ನೆ ಹೊಗಳುವುದು ನನಗೆ ಇಷ್ಟವಿಲ್ಲ.

ಆಮೇಲೆ ಗಾಯದಿಂದ 1996ರ ಒಲಿಂಪಿಕ್ಸ್ ತಪ್ಪಿತು. ಮುಗೀತು ಅಂದುಕೊಂಡವರೇ ಜಾಸ್ತಿ. ಆದರೆ 2000ದಲ್ಲಿ ಸಿಡ್ನಿಗೆ ಬಂದು 6.99 ಹಾರಿದರು, ಮತ್ತೆ ಚಿನ್ನ! ಆಗ ಅವರಿಗೆ 35 ವರ್ಷ.

ಭಾನುವಾರ ಬೆಳಿಗ್ಗೆ ಅಭ್ಯಾಸಕ್ಕೆ ಬರುವಾಗ ಸಿಡ್ನಿ ಫೈನಲ್‌ನ ವಿಡಿಯೋ ನೋಡಿಕೊಂಡು ಬನ್ನಿ, ಕೊನೆಯ ನಾಲ್ಕು ಹೆಜ್ಜೆ ಮಾತ್ರ ನೋಡಿದರೂ ಸಾಕು.