ಸಿಂಚನಾ ಒಬ್ಬಳೇ ಮನೆಗೆ ಬರುವುದು ಯಾವಾಗ

ಸೇಡಂ

ಚಿ. ಸೌ. ಸುವರ್ಣಾಳಿಗೆ ನಿನ್ನ ದೊಡ್ಡವ್ವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ಮೊನ್ನೆ ನೀನು ಫೋನ್ ಮಾಡಿದಾಗ ಅರ್ಧ ಮಾತಿಗೇ ಆಫೀಸಿನಲ್ಲಿ ಯಾರೋ ಕರೆದರು, ಇಟ್ಟುಬಿಟ್ಟೆ. ಆದರೆ ನೀನು ಕೇಳಿದ ಮಾತು ನನ್ನ ತಲೆಯಲ್ಲೇ ಉಳಿಯಿತು. "ನಮ್ಮ ಅತ್ತೆಯವರಿಗೆ ಮೊಣಕಾಲು ನೋವು ಜಾಸ್ತಿ ಆಗ್ಯಾದ. ದಿನಾ ಸಾಲಿ ತನಕ ಹೋಗಿ ಹುಡುಗರನ್ನ ಕರಕೊಂಡು ಬರೋದು ಇನ್ನ ಆಗಲ್ಲ ಅಂತಾರ. ಸಿಂಚನಾಗ ಎಂಟು ತುಂಬ್ಯಾವ, ತಮ್ಮನ ಕೈ ಹಿಡಕೊಂಡು ಬರ್ತಾಳ ಬಿಡು ಅಂತಾರ ಇವರು. ನೀ ಏನಂತಿ ದೊಡ್ಡವ್ವ?" ಅಂದೆ. ಇದಕ್ಕೆ ಫೋನಿನಲ್ಲಿ ಹೂಂ ಅಥವಾ ಊಹೂಂ ಅಂದು ಮುಗಿಸಲು ನನಗೆ ಮನಸ್ಸಾಗಲಿಲ್ಲ. ನಾನು ಮೂವತ್ತು ವರ್ಷ ಸಣ್ಣ ಮಕ್ಕಳಿಗೆ ಪಾಠ ಹೇಳಿದವಳು. ಸಂಜೆ ಗಂಟೆ ಹೊಡೆದ ಮೇಲೆ ಗೇಟಿನಿಂದ ಮಕ್ಕಳು ಹೇಗೆ ಹೊರಗೆ ಹಾರುತ್ತಾರೆ ಅಂತ ದಿನಾ ನೋಡಿದವಳು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು, ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಸಮರ್ಥನನ್ನು ಸಿಂಚನಾಳ ಕೈಗೆ ಒಪ್ಪಿಸಬೇಡ. ಎಂಟು ವರ್ಷದ ಹುಡುಗಿಗೆ ರಸ್ತೆ ದಾಟುವುದೇ ಒಂದು ದೊಡ್ಡ ಕೆಲಸ. ಅದರ ಮೇಲೆ ಆರು ವರ್ಷದವನನ್ನು ಕಾಯುವ ಕೆಲಸವನ್ನೂ ಹೊರಿಸಿದರೆ ಎರಡೂ ಕೆಡುತ್ತವೆ. ಅವನು ಐಸ್ ಗಾಡಿ ಕಂಡು ಕೈ ಕಿತ್ತುಕೊಂಡು ಓಡುತ್ತಾನೆ. ಅವನ ಹಿಂದೆ ಇವಳು ಬಲಕ್ಕೂ ನೋಡದೆ ಎಡಕ್ಕೂ ನೋಡದೆ ಓಡುತ್ತಾಳೆ. ದೇವರು ದೊಡ್ಡವನು, ಏನೂ ಆಗದೆ ಇರಲಿ. ಆದರೆ ಏನಾದರೂ ಆದರೆ, ಕೈ ಬಿಟ್ಟವಳು ನಾನೇ ಅಂತ ಆ ಹುಡುಗಿ ಮುದುಕಿ ಆಗುವ ತನಕ ಅಂದುಕೊಳ್ಳುತ್ತಾಳೆ. ಅಷ್ಟು ದೊಡ್ಡ ಭಾರ ಯಾವ ಮಗುವಿಗೂ ಬೇಡ. ಸಮರ್ಥನಿಗೆ ಇನ್ನೂ ಎರಡು ಮೂರು ವರ್ಷ ದೊಡ್ಡವರ ಕೈ ಬೇಕೇ ಬೇಕು. ನಿಮ್ಮ ಓಣಿಯಿಂದ ಅದೇ ಶಾಲೆಗೆ ಮಗುವನ್ನು ಕರೆತರಲು ಹೋಗುವ ತಾಯಿ ಒಬ್ಬಳಾದರೂ ಇರುತ್ತಾಳೆ ಅಲ್ವಾ? ಸಂಕೋಚ ಬಿಟ್ಟು ಕೇಳು. ಅವಳು ಸಂಜೆ ಸಮರ್ಥನನ್ನು ಕರೆತರಲಿ, ನೀನು ರವಿವಾರ ಅವಳ ಮಗುವನ್ನು ಇಟ್ಟುಕೋ, ಸಂತೆಯಿಂದ ಅವಳ ಮನೆಗೂ ಕಾಯಿಪಲ್ಯ ತಂದುಕೊಡು. ಹೀಗೆ ಕೊಟ್ಟು ತೆಗೆದುಕೊಂಡೇ ಓಣಿ ನಡೆಯುವುದು.

ಇನ್ನು ಸಿಂಚನಾ. ಇಷ್ಟು ವಯಸ್ಸಾದರೆ ಒಬ್ಬರೇ ನಡೆಯಬಹುದು ಅಂತ ನಮ್ಮಲ್ಲಿ ಯಾವ ಕಾನೂನೂ ಹೇಳುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಆಯಿತು. ಅದರ ನಿಯಮದಲ್ಲಿ 1ರಿಂದ 5ನೇ ತರಗತಿಯ ಮಕ್ಕಳಿಗೆ 1 ಕಿಲೋಮೀಟರ್ ಒಳಗೆ, 6ರಿಂದ 8ರವರಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ಇದೆ. ಮಗು ನಡೆದು ಹೋಗುವಷ್ಟು ದೂರ ಅಂತ ಅದರ ಅರ್ಥ. ಆದರೆ ಒಬ್ಬರೇ ನಡೆಯಲಿ ಅಂತ ಅಲ್ಲಿ ಬರೆದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ, ಬಹಳಷ್ಟು ಮಕ್ಕಳು ದೊಡ್ಡವರಿಲ್ಲದೆ ಶಾಲೆಗೆ ನಡೆಯಲು ತಯಾರಾಗುವುದು 10 ವರ್ಷದ ಸುಮಾರಿಗೆ ಅನ್ನುತ್ತದೆ. ನನ್ನ ತರಗತಿಯ ಮಕ್ಕಳನ್ನು ನೆನೆಸಿಕೊಂಡರೆ ನನಗೂ ಅದು ಸರಿ ಅನ್ನಿಸುತ್ತದೆ. ಸಣ್ಣ ಮಕ್ಕಳಿಗೆ ಗಾಡಿ ಕಾಣುತ್ತದೆ, ಅದು ಎಷ್ಟು ಜೋರಾಗಿ ಬರುತ್ತಿದೆ ಅನ್ನುವುದು ತಿಳಿಯುವುದಿಲ್ಲ. ಹಾರ್ನ್ ಕೇಳುತ್ತದೆ, ಯಾವ ಕಡೆಯಿಂದ ಅನ್ನುವುದು ಗೊತ್ತಾಗುವುದಿಲ್ಲ. ನಿಂತ ಟಂಟಂ ಆಟೋ ಹಿಂದೆ ಅವರು ನಿಂತರೆ ಅವರಿಗೆ ರಸ್ತೆ ಕಾಣದು, ಗಾಡಿಯವನಿಗೆ ಅವರು ಕಾಣರು. ಇದು ಜಾಣತನದ ಮಾತಲ್ಲ. ಮಗ್ಗಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗರೇ ಗೆಳೆಯ ಕರೆದ ಅಂತ ಕಣ್ಣು ಮುಚ್ಚಿ ರಸ್ತೆಗೆ ಇಳಿದದ್ದನ್ನು ನಾನು ನೋಡಿದ್ದೇನೆ.

ನಿನ್ನ ಅತ್ತೆಯವರು "ನಾವು ಐದು ವರ್ಷಕ್ಕೇ ಒಬ್ಬೊಬ್ಬರೇ ಹೋಗ್ತಿದ್ದೆವು" ಅಂದರಂತೆ. ಅವರ ಮಾತು ಸುಳ್ಳಲ್ಲ, ನಾನೂ ಹಾಗೇ ಹೋದವಳು. ಆದರೆ ಆಗ ಎದುರಿಗೆ ಬರುತ್ತಿದ್ದದ್ದು ಸೈಕಲ್ಲು, ಎತ್ತಿನ ಗಾಡಿ. ದಾರಿಯುದ್ದಕ್ಕೂ ಕಟ್ಟೆಯ ಮೇಲೆ ಕೂತವರಿಗೆಲ್ಲ ನಾನು ಯಾರ ಮಗಳು ಅಂತ ಗೊತ್ತಿತ್ತು. ಜಪಾನಿನಲ್ಲಿ ಈಗಲೂ ಆರೇಳು ವರ್ಷದ ಮಕ್ಕಳು ಹಳದಿ ಟೊಪ್ಪಿಗೆ ಹಾಕಿಕೊಂಡು ನಡೆದೇ ಶಾಲೆಗೆ ಹೋಗುತ್ತಾರೆ. ಎಷ್ಟೋ ಊರುಗಳಲ್ಲಿ ದೊಡ್ಡ ಮಕ್ಕಳು ಸಣ್ಣವರನ್ನು ಸಾಲು ಹಿಡಿಸಿ ಕರೆದೊಯ್ಯುತ್ತಾರೆ, ದಾಟುವ ಕಡೆ ಊರಿನ ಹಿರಿಯರು ಬಂದು ನಿಲ್ಲುತ್ತಾರೆ. ಅಂದರೆ ಅಲ್ಲಿಯೂ ಮಗು ನಿಜವಾಗಿ ಒಂಟಿ ಅಲ್ಲ.

ಹಾಗಂತ ಸಿಂಚನಾಳನ್ನು ಕಟ್ಟಿಹಾಕು ಅಂತ ನಾನು ಹೇಳುತ್ತಿಲ್ಲ. ನಡೆದು ಬರುವ ಮಗುವಿಗೆ ಊರು ತನ್ನದಾಗುತ್ತದೆ. ಯಾವ ಮನೆಯ ಮುಂದೆ ಬೇವಿನ ಮರ ಇದೆ, ಯಾವ ಅಂಗಡಿಯವ ಬಾಯಿ ತುಂಬ ಮಾತಾಡಿಸುತ್ತಾನೆ ಅನ್ನುವುದು ಆಟೋದಲ್ಲಿ ಇನ್ನೊಬ್ಬರ ತೊಡೆಯ ಮೇಲೆ ಕೂತು ಬರುವ ಮಗುವಿಗೆ ಹೇಗೆ ತಿಳಿಯಬೇಕು? ಅವಳು ನಡೆಯಲಿ. ಆದರೆ ಒಂದೇ ದಿನಕ್ಕೆ ಪೂರ್ತಿ ಬಿಡಬೇಡ.

ನಿಮ್ಮ ಮನೆಯಿಂದ ಶಾಲೆಗೆ ಒಂದು ಕಿಲೋಮೀಟರೂ ಇಲ್ಲ. ಅದರಲ್ಲಿ ಮುಕ್ಕಾಲು ದಾರಿ ಕಲಬುರಗಿಯ ಬ್ರಹ್ಮಪುರದ ಓಣಿಗಳೇ. ಕಷ್ಟ ಇರುವುದು ಆ ಒಂದು ದೊಡ್ಡ ರಸ್ತೆ ದಾಟುವ ಕಡೆ. ನೀನು ಒಂದು ದಿನ ರಜೆ ಹಾಕಿ, ಶಾಲೆ ಬಿಡುವ ಹೊತ್ತಿಗೇ ಆ ದಾರಿಯಲ್ಲಿ ನಡೆದು ಬಾ. ಬೆಳಿಗ್ಗೆ ನಡೆದರೆ ಏನೂ ತಿಳಿಯುವುದಿಲ್ಲ. ದಾಟುವ ಕಡೆ ಕುಕ್ಕರಗಾಲಿನಲ್ಲಿ ಕೂತು ಅವಳ ಎತ್ತರದಿಂದ ನೋಡು. ಜನ ನಕ್ಕರೆ ನಗಲಿ. ನಿಂತ ಗಾಡಿಗಳ ಸಾಲಿನಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ಆಗ ಗೊತ್ತಾಗುತ್ತದೆ. ಗಟಾರದ ಮೇಲೆ ಮುಚ್ಚಿದ ಪರ್ಸಿ ಕಲ್ಲು ಎಲ್ಲಿ ಒಡೆದಿದೆ ನೋಡಿಕೋ. ಮಳೆಗಾಲದಲ್ಲಿ ನೀರು ನಿಂತರೆ ಆ ಬಾಯಿ ಕಾಣುವುದೇ ಇಲ್ಲ. ಹಿಂದಕ್ಕೆ ಬರುವ ನೀರಿನ ಟ್ಯಾಂಕರು, ಕ್ರೂಸರು ನಿಲ್ಲುವ ಜಾಗ ಯಾವುದು ಅಂತಲೂ ನೋಡು.

ಆಮೇಲೆ ಅವಳಿಗೆ ಕಲಿಸು. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಗಡೆ ಅಂಚಿನಲ್ಲಿ ನಡೆಯಬೇಕು, ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣುತ್ತದೆ. ದಾಟುವಾಗ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ಒನ್ ವೇ ಅಂತ ನಂಬಬೇಡ ಅಂತಲೂ ಹೇಳು, ನಮ್ಮಲ್ಲಿ ಉಲ್ಟಾ ಬರುವ ಬೈಕುಗಳೇ ಜಾಸ್ತಿ. ನೀನು ಹೇಳಿಕೊಟ್ಟರಷ್ಟೇ ಸಾಲದು. ಅವಳು ಮುಂದೆ ನಡೆಯಲಿ, ನೀನು ಹತ್ತು ಹೆಜ್ಜೆ ಹಿಂದೆ ಬಾಯಿ ಮುಚ್ಚಿಕೊಂಡು ನಡೆ. "ಈಗ ದಾಟು" ಅಂತ ನೀನು ಹೇಳಬಾರದು, ಅವಳೇ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಆಫೀಸು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ. ಆಗ ನಿನ್ನ ಸಂಜೆಗಳು ಖಾಲಿ ಇರುತ್ತವೆ. ಬಿಸಿಲು ಇಳಿದ ಮೇಲೆ ದಿನಾ ಒಂದು ಸುತ್ತು ಹಾಕಿಸು. ಆ ಎರಡು ತಿಂಗಳನ್ನು ಕಳೆದುಕೊಳ್ಳಬೇಡ.

ಜೂನಿನಲ್ಲಿ ಶಾಲೆ ಶುರುವಾದ ಮೇಲೆ, ಓಣಿಯ ಐದು ಆರನೇ ತರಗತಿಯ ಹುಡುಗಿಯರ ಜೊತೆ ಅವಳು ಬರಲಿ. ದೊಡ್ಡ ರಸ್ತೆ ದಾಟುವ ಕಡೆ ಮಾತ್ರ ಸಮರ್ಥನನ್ನು ಕರೆತರುವ ಆ ತಾಯಿ ನಿಂತು ದಾಟಿಸಲಿ. ಅಲ್ಲಿಂದ ಮನೆ ತನಕ ಓಣಿಯ ದಾರಿಯನ್ನು ಸಿಂಚನಾ ತಾನೇ ನಡೆಯಲಿ. ಅವಳಿಗೆ ಅದೇ ದೊಡ್ಡ ಹೆಮ್ಮೆ ನೋಡು. ಅಷ್ಟು ಚೆನ್ನಾಗಿ ಆದರೆ, ಹತ್ತು ತುಂಬುವ ಹೊತ್ತಿಗೆ ಪೂರ್ತಿ ಬಿಡುವ ವಿಚಾರ ಮಾಡೋಣ.

ಹಿಟ್ಟಿನ ಗಿರಣಿಯವರು, ಕಿರಾಣಿ ಅಂಗಡಿಯವರು, ಇಸ್ತ್ರಿ ಮಾಡುವವರು, ಇವರನ್ನೆಲ್ಲ ಅವಳ ಎದುರಿಗೇ ಮಾತಾಡಿಸಿ "ಇವಳು ನನ್ನ ಮಗಳು, ಸಂಜೆ ಇದೇ ದಾರಿಯಲ್ಲಿ ಬರ್ತಾಳೆ" ಅಂತ ಹೇಳು. ಹೆದರಿಕೆ ಆದರೆ ಯಾವ ಬಾಗಿಲಿಗೆ ಹೋಗಬೇಕು ಅಂತ ಅವಳಿಗೆ ಗೊತ್ತಿರಬೇಕು. ಮೊಬೈಲು ಬೇಡ. ನಿನ್ನದು, ಅವಳಪ್ಪನದು, ಎರಡು ನಂಬರು ಬಾಯಿಪಾಠ ಇರಲಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಇವೆರಡೂ ಗೊತ್ತಿರಲಿ. ಅವಳು ಮನೆ ಮುಟ್ಟಿದ ಕೂಡಲೇ ಅತ್ತೆಯವರು ನಿನಗೆ ಮಿಸ್ ಕಾಲ್ ಕೊಡಲಿ. ಬರುವ ಹೊತ್ತು ದಾಟಿ ಕಾಲು ಗಂಟೆ ಆದರೂ ಬರದಿದ್ದರೆ ಹುಡುಕಲು ಹೊರಡುವವರು ಯಾರು ಅನ್ನುವುದನ್ನು ಈಗಲೇ ಮಾತಾಡಿಕೊಳ್ಳಿ. ಆ ಹೊತ್ತಿಗೆ ಯಾರು ಹೋಗಬೇಕು ಅಂತ ವಾದ ಮಾಡುತ್ತ ಕೂರಬಾರದು. "ನಿಮ್ಮವ್ವ ಕಳಿಸಿದಾಳೆ, ಬಾ" ಅಂತ ಯಾರೇ ಕರೆದರೂ, ಗುರುತಿನವರಾದರೂ ಸರಿ, ನಿಮ್ಮಿಬ್ಬರ ಗುಟ್ಟಿನ ಮಾತು ಹೇಳದಿದ್ದರೆ ಹೋಗಬಾರದು. ಮಕ್ಕಳಿಗೆ ಕೆಟ್ಟದ್ದು ಮಾಡುವವರು ಎಷ್ಟೋ ಸಲ ಗೊತ್ತಿದ್ದವರೇ ಆಗಿರುತ್ತಾರೆ. ಆ ಗುಟ್ಟಿನ ಮಾತನ್ನು ನನಗೂ ಹೇಳಬೇಡ.

ಕೆಲವು ದಿನ ಮಾತ್ರ ಬಿಡಲೇಬೇಡ. ಹೋಳಿ ಆಗಿ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು. ಆ ಜಾತ್ರೆ ಮುಗಿಯುವ ತನಕ ನಿಮ್ಮ ಓಣಿಯಲ್ಲಿ ದೊಡ್ಡವರೇ ದಾರಿ ತಪ್ಪುವಷ್ಟು ಜನ. ಅಪ್ಪನ ಕೆರೆ ಕಡೆ ಗೆಳತಿಯರ ಜೊತೆ ತಿರುಗಿ ಹೋಗುವ ಆಸೆಯೂ ಹುಟ್ಟುತ್ತದೆ. ಜೋರು ಮಳೆ ಬಂದ ದಿನ ಶಾಲೆಯಲ್ಲೇ ಕಾಯಲಿ. ಮಾರ್ಚಿನ ಬಿಸಿಲಿಗೆ ಟೊಪ್ಪಿಗೆ ಹಾಕು, ಬಾಟಲಿಯಲ್ಲಿ ಮನೆಗೆ ಬರುವ ತನಕ ನೀರು ಉಳಿಸಿಕೊಳ್ಳಲು ಹೇಳು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಉಳಿಯುತ್ತದೆ ಸುವರ್ಣಾ. ನಾನು ಈ ಪತ್ರ ಬರೆಯಲು ಕೂತಿದ್ದೇ ಅದಕ್ಕೆ. ಇದನ್ನು ನಿಮ್ಮವ್ವನಿಗೂ ನಾನು ಹೇಳಿಲ್ಲ.

ನಿಮ್ಮ ಅಣ್ಣ, ಅಂದರೆ ನನ್ನ ಮಗ, ಏಳು ವರ್ಷದವನಿದ್ದಾಗ ನಾನು ಅವನನ್ನು ಒಬ್ಬನನ್ನೇ ಬಿಟ್ಟೆ. ನನ್ನ ಶಾಲೆ ಒಂದು ಕಡೆ, ಅವನದು ಇನ್ನೊಂದು ಕಡೆ. ಬೇರೆ ದಾರಿ ಇರಲಿಲ್ಲ. ಒಳಗಿನ ಓಣಿಯಿಂದ ಬರಬೇಕು ಅಂತ ತೋರಿಸಿಕೊಟ್ಟಿದ್ದೆ. ಒಂದು ದಿನ ಆ ಓಣಿಯಲ್ಲಿ ನಾಯಿಗಳು ಅವನನ್ನು ಅಟ್ಟಿಸಿಕೊಂಡು ಬಂದವಂತೆ. ಮರುದಿನದಿಂದ ಅವನು ಓಣಿ ಬಿಟ್ಟು, ಪರ್ಸಿ ತುಂಬಿದ ಲಾರಿಗಳು ಓಡಾಡುವ ದೊಡ್ಡ ರಸ್ತೆ ಹಿಡಿದು ಸುತ್ತು ಹಾಕಿ ಬರುತ್ತಿದ್ದ. ಹನ್ನೊಂದು ದಿನ. ನನಗೆ ಗೊತ್ತೇ ಇಲ್ಲ. ಕೊನೆಗೆ ಚಹಾ ಅಂಗಡಿಯ ಅಜ್ಜಿ ಸಂತೆಯಲ್ಲಿ ಸಿಕ್ಕು "ಟೀಚರ್, ನಿಮ್ಮ ಹುಡುಗ ಲಾರಿ ನಡುವೆ ಓಡ್ತಾನಲ್ರಿ" ಅಂದಳು. ನನ್ನ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

ರಾತ್ರಿ ಮಗ್ಗುಲಲ್ಲಿ ಮಲಗಿಸಿಕೊಂಡು, ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಚಪ್ಪಲಿ ಹರಕೊಂಡು ಬಂದಾಗ ನೀ ಹೊಡೆದಿ ಅಲ್ಲ" ಅಂದ. ನನಗೆ ಆ ಏಟು ನೆನಪೇ ಇರಲಿಲ್ಲ. ಶಾಲೆಯಲ್ಲಿ ಏನೋ ತಲೆಬಿಸಿ ಆಗಿ ಮನೆಗೆ ಬಂದಿದ್ದೆ, ಅವನ ಬೆನ್ನಿಗೆ ಒಂದು ಕೊಟ್ಟಿದ್ದೆ, ಮರೆತುಬಿಟ್ಟಿದ್ದೆ. ಅವನು ಮರೆತಿರಲಿಲ್ಲ. ಅವ್ವನಿಗೆ ಹೇಳಿದರೆ ಏಟು ಬೀಳುತ್ತದೆ, ಅದಕ್ಕಿಂತ ಲಾರಿ ವಾಸಿ ಅಂತ ನನ್ನ ಮಗ ಲೆಕ್ಕ ಹಾಕಿದ್ದ. ನಾಯಿ ಕಚ್ಚಿದ್ದರೂ ಮುಚ್ಚಿಡುತ್ತಿದ್ದನೇನೋ. ನಾಯಿ ಕಚ್ಚಿದರೆ, ಉಗುರು ತಾಗಿ ಗೀರಿದರೂ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಓಡಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧ ಇಲ್ಲ. ಹೇಳದ ಮಗುವನ್ನು ಯಾರು ಆಸ್ಪತ್ರೆಗೆ ಕರೆದೊಯ್ಯಬೇಕು?

ಅದಕ್ಕೇ ಕೇಳುತ್ತೇನೆ. ಸಿಂಚನಾ ನಿನಗೆ ಹೇಳುತ್ತಾಳಾ? ನೀರಿನ ಬಾಟಲಿ ಕಳೆದರೆ, ಪರೀಕ್ಷೆಯಲ್ಲಿ ಕಡಿಮೆ ಬಂದರೆ, ಯಾರೋ ಕೆಟ್ಟ ಮಾತಾಡಿದರೆ, ಬಂದು ಹೇಳುತ್ತಾಳಾ, ಇಲ್ಲ ಎರಡು ದಿನ ಆದ ಮೇಲೆ ನಿನಗೆ ಬೇರೆಯವರಿಂದ ತಿಳಿಯುತ್ತದಾ? ಅವಳ ವಯಸ್ಸಿಗಿಂತ ನಾನು ಇದನ್ನೇ ಮೊದಲು ನೋಡುತ್ತೇನೆ. ಹೇಳುವ ಮಗುವಾದರೆ, ಸಣ್ಣ ಪುಟ್ಟ ತಪ್ಪು ಮಾಡಿದರೂ ಮರುದಿನ ಸರಿ ಮಾಡಬಹುದು. ಮುಚ್ಚಿಡುವ ಮಗುವಾದರೆ ಹನ್ನೆರಡಾದರೂ ನನಗೆ ಧೈರ್ಯ ಸಾಲದು.

ನೀನು ಆಫೀಸಿನಿಂದ ದಣಿದು ಬರುತ್ತೀ, ನನಗೆ ಗೊತ್ತು. ಆದರೂ ಬಂದ ಕೂಡಲೇ ಹೋಂವರ್ಕ್ ಎಲ್ಲಿ ಅಂತ ಕೇಳಬೇಡ. ಒಂದು ಹತ್ತು ನಿಮಿಷ ಅವಳ ಜೊತೆ ಕೂತು ಚಹಾ ಕುಡಿ. "ಇವತ್ತು ದಾರಿಯಲ್ಲಿ ಏನು ನೋಡಿದಿ?" ಅಂತ ಕೇಳು. ಅವಳು ಹೇಳಿದ ಕೂಡಲೇ ಬೈಯಬೇಡ, ನಡುವೆ ಬುದ್ಧಿ ಹೇಳಬೇಡ. ತಪ್ಪು ಮಾಡಿದ್ದನ್ನು ತಾನೇ ಬಂದು ಹೇಳಿದ ದಿನ ಸಿಟ್ಟು ಬಂದರೂ ನುಂಗಿಕೋ. ನಿನ್ನ ಗಂಡನಿಗೂ ಇದನ್ನು ಹೇಳು. ಈ ಪತ್ರವನ್ನೇ ಬೇಕಾದರೆ ಓದಲು ಕೊಡು.

ಶಿವರಾತ್ರಿ ಮುಗಿದ ಮೇಲೆ ಸೋಮವಾರದ ಬಸ್ಸಿಗೆ ಬರುತ್ತೇನೆ. ಶೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದೇನೆ, ನಿನ್ನ ಅತ್ತೆಯವರ ಮೊಣಕಾಲಿಗೆ ಹಚ್ಚುವ ಎಣ್ಣೆಯನ್ನೂ ತರುತ್ತೇನೆ. ಒಂದು ವಾರ ಇರುತ್ತೇನೆ. ಶಾಲೆ ಬಿಡುವ ಹೊತ್ತಿಗೆ ನಾನೇ ಗೇಟಿನ ಹತ್ತಿರ ನಿಂತಿರುತ್ತೇನೆ ಅಂತ ಸಿಂಚನಾಗೆ ಹೇಳು. ಸಮರ್ಥ ನನ್ನ ಕೈಯಲ್ಲಿ, ಅವಳು ಮುಂದೆ. ದಾರಿ ಅವಳೇ ತೋರಿಸಬೇಕು.

ನಿನ್ನ ದೊಡ್ಡವ್ವ