ಅಜ್ಜ ಯಾವ ಭಾಷೆಲಿ ಹೇಳಿದ್ದು?

ಪ್ರೀತಿಯ ಮಗಳೇ,

ನೀರಿಗೋಸ್ಕರ ಗುಡ್ಡೆಲಿ ಅಡ್ಡಕ್ಕೆ ಸುರಂಗ ತೋಡುವವರ ಬಗ್ಗೆ ನೀನು ಬರೆದ ಕಟ್ಟು ಎರಡು ಸಲ ಓದಿದೆ. ಜೊತೆಗಿದ್ದ ಕಾಗದ ಓದಿ ಬೇಜಾರಾಯ್ತು. ಕಲೆ, ಇತಿಹಾಸ, ಜಾನಪದ ಎಲ್ಲ ಒಟ್ಟಿಗೆ ಕೂತು ಸಂಶೋಧನೆ ಮಾಡುವ ಇನ್‌ಸ್ಟಿಟ್ಯೂಟ್ ಅಂತ ಸೇರಿದ್ದಿ, ಈಗ ಇತಿಹಾಸದವರು ಇದು ಕತೆ ಅಂತಾರೆ, ಸಾಹಿತ್ಯದವರು ಇದು ರಿಪೋರ್ಟ್ ಅಂತಾರೆ, ಬಿಟ್ಟುಬಿಡ್ಲಾ ಅಂತ ಕೇಳಿದ್ದಿ. ಬಿಡ್ಬೇಡ ಮಾರಾಯ್ತಿ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕವಿತೆನೂ ಬರೆದ್ರು, ಶಾಸನ ಹಿಡ್ಕೊಂಡು ಕಾಲನಿರ್ಣಯನೂ ಮಾಡಿದ್ರು. ಅಧ್ಯಾಯ ಹೇಗೆ ಭಾಗ ಮಾಡೋದು, ಅಡಿಟಿಪ್ಪಣಿ ಎಲ್ಲಿ ಹಾಕೋದು, ಅದೆಲ್ಲ ನಿನ್ನ ಗೈಡ್ ಹತ್ರ ಕೇಳು.

ನಂಗೆ ಒಂದೇ ತಕರಾರು. ಬಾಯಾರು ಊರಿನ ಆ ಸುರಂಗ ತೋಡುವ ಅಜ್ಜ ನಿನ್ನ ಬರಹದಲ್ಲಿ "ಭೂಗರ್ಭದಲ್ಲಿ ಜಲದ ಸಾನ್ನಿಧ್ಯ ನನಗೆ ಅನುಭವವೇದ್ಯವಾಗುತ್ತದೆ" ಅಂತಾರೆ. ಯಾರು ಹಾಗೆ ಮಾತಾಡೋದು? ಅವರು ತುಳುವಿನಲ್ಲಿ ಹೇಳಿರ್ತಾರೆ, ನೀನು ಇನ್‌ಸ್ಟಿಟ್ಯೂಟಿಗೆ ಬೇಕು ಅಂತ ಇಂಗ್ಲಿಷಲ್ಲಿ ನೋಟ್ಸ್ ಮಾಡಿರ್ತಿ, ಆಮೇಲೆ ಅದನ್ನ ಕನ್ನಡಕ್ಕೆ ತಂದಿರ್ತಿ, ಅಷ್ಟರಲ್ಲಿ ಅಜ್ಜ ಎಲ್ಲಿ ಉಳಿದ್ರು? ನಮ್ಮಲ್ಲಿ ಒಂದೇ ಮನೆಲಿ ತುಳು, ಮಲಯಾಳ, ಕನ್ನಡ ಮೂರೂ ನಡೀತದೆ, ನಿನ್ನ ಬರಹದಲ್ಲಿ ಎಲ್ಲರಿಗೂ ಪಾಠಪುಸ್ತಕದ ಕನ್ನಡ.

ಕೋಪ ಬರ್ಲಿಕ್ಕೆ ಕಾರಣ ಉಂಟು, ಇದೇ ತಪ್ಪು ನಾನೂ ಮಾಡಿದವ. 1984ರಲ್ಲಿ, ಕಾಸರಗೋಡು ಬೇರೆ ಜಿಲ್ಲೆ ಆದ ವರ್ಷ, ನಮ್ಮ ಗುಡ್ಡೆಲಿ ಮುರಕಲ್ಲು ಕೊರೆದು ಸುರಂಗ ಮಾಡ್ತಿದ್ದ ಒಬ್ಬರ ಬಗ್ಗೆ ಒಂದು ವಾರಪತ್ರಿಕೆಗೆ ಬರೆದೆ. ಕ್ಯಾಂಡಲ್ ಹಿಡ್ಕೊಂಡು ಒಳಗೆ ಹೋಗೋದು, ಅದು ನಂದಿದ್ರೆ ಗಾಳಿ ಸಾಲದು ಅಂತ ಹೊರಗೆ ಬರೋದು, ಎಲ್ಲ ಕಣ್ಣಾರೆ ನೋಡಿದ್ದೆ. ಒರತೆ ಸಿಕ್ಕಿದ ದಿನ ಅವರು ಮೈಯೆಲ್ಲ ಕೆಂಪು ಮಣ್ಣಾಗಿ ಹೊರಗೆ ಬಂದು "ನೀರ್ ಬತ್ತ್ಂಡ್" (ನೀರು ಬಂತು) ಅಂದ್ರು, ಕೂತ್ರು, ಎಲೆಅಡಿಕೆ ಕೇಳಿದ್ರು. ಅಷ್ಟೇ. ನಾನು ಅವರ ಬಾಯಿಗೆ ಗಂಗಾವತರಣದ ಬಗ್ಗೆ ಅರ್ಧ ಪುಟದ ಭಾಷಣ ತುರುಕಿದೆ. ಜನ ಹೊಗಳಿದ್ರು, ಶಾಲು ಹೊದೆಸಿದ್ರು. ಅವರ ಸೊಸೆ ಅದನ್ನ ಓದಿ ಹೇಳಿದಾಗ ಅವರು "ಇದು ಯಾರು ಹೇಳಿದ್ದು?" ಅಂತ ಕೇಳಿದ್ರಂತೆ. ನಂಗೆ ಅದು ಗೊತ್ತಾದದ್ದು ಅವರು ತೀರಿಹೋದ ಮೇಲೆ. ತಪ್ಪಾಯ್ತು ಅಂತ ಹೇಳ್ಲಿಕ್ಕೆ ಈಗ ಜನ ಇಲ್ಲ.

ಆದ್ರೆ ನಿನ್ನ 41ನೇ ಪುಟ! ಅಜ್ಜಿ ಬಗ್ಗಿಕೊಂಡೇ ಬುಟ್ಟಿ ಎಳೆದು ಎಳೆದು ಮಣ್ಣು ಹೊರಗೆ ತಂದದ್ದು, "ಸುರಂಗ ಅವರದ್ದು ಅಂತಾರೆ, ಈ ಮಣ್ಣಿನ ರಾಶಿ ಯಾರದ್ದು?" ಅಂತ ನಿನ್ನ ಹತ್ರ ಕೇಳಿದ್ದು. ಅಲ್ಲಿ ಕಟ್ಟು ಮಡಚಿಟ್ಟು ಜಗಲಿಲಿ ಎಷ್ಟೋ ಹೊತ್ತು ಕೂತೆ. ನಾನು ಬರೆದಾಗ ಹೆಂಗಸರ ಹತ್ರ ಒಂದು ಮಾತು ಕೇಳ್ಲಿಲ್ಲ, ನೀನು ಕೇಳಿದ್ದಿ. ಅಜ್ಜಿ ಅದನ್ನ ಮಲಯಾಳದಲ್ಲಿ ಹೇಳಿದ್ದಾದ್ರೆ ಹಾಗೇ ಕನ್ನಡ ಲಿಪಿಲಿ ಬರಿ, ಕೆಳಗೆ ಅರ್ಥ ಕೊಡು.

ರೆಕಾರ್ಡಿಂಗ್ ಇನ್ನೂ ಉಂಟಲ್ಲ, ಮೊದಲಿಂದ ಕೇಳು. ಮಳೆ ಹಿಡಿಯುವ ಮೊದ್ಲು ಬಾಯಾರಿಗೆ ಹೋಗಿ ಅಜ್ಜಿಗೆ ಅವರ ಪುಟ ಓದಿ ಹೇಳು, ಅವರು ತಡೆದಲ್ಲೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕು. ವಾಪಸ್ ಬರುವಾಗ ನಮ್ಮಲ್ಲಿಗೆ ಬಾ, ಊಟ ಇಲ್ಲೇ, ಗೀಟು ಹಾಕಿದ್ದನ್ನ ನಂಗೂ ತೋರಿಸು.

ನಿನ್ನ ಮಾಷ್ಟ್ರು